ಶನಿವಾರದ ಗಾಡಿ

ಹ್ಯಾಂಡಲ್ ಎಡಕ್ಕೆ ತಿರುಗಿಸಿ, ಹಿಂದಿನಿಂದ ನಾಲ್ಕಾರು ಜನ ದೂಡಿದ ಮೇಲೆ ಮೂರು ಗಾಲಿಯ ಟಂಟಂ ಅಂಗಳದಿಂದ ಅಲುಗಿತು. ಅದನ್ನು ಸರಿಸದೆ ಹೊಳಿಯಪ್ಪನ ಹೆಣವನ್ನು ಹೊರಗೆ ತಂದು ಕೂಡಿಸಲು ಜಾಗವಿರಲಿಲ್ಲ. ಕುಷ್ಟಗಿಯಿಂದ ಬೆಳಗಿನ ಬಸ್ಸಿಗೆ ಬಂದ ಮಗಳು ರೂಪಾ ಓಣಿಯ ತುದಿಯಲ್ಲೇ ನಿಂತು ಅದನ್ನು ನೋಡಿದಳು. ಅಪ್ಪನಲ್ಲದೆ ಬೇರೆಯವರು ಆ ಹ್ಯಾಂಡಲ್ ಹಿಡಿದದ್ದನ್ನು ಅವಳು ಎಂದೂ ಕಂಡಿರಲಿಲ್ಲ.

ಅವ್ವ ಪಾರಮ್ಮ ಬಾಗಿಲಲ್ಲೇ ಅವಳನ್ನು ತಬ್ಬಿಕೊಂಡಳು. ನಿನ್ನೆ ಅಪ್ಪ ಹನುಮಸಾಗರದಿಂದ ಕೊನೆಯ ಮಂದಿಯನ್ನು ತಂದುಬಿಟ್ಟು, ಗಾಡಿ ಅಡ್ಡಾದಿಡ್ಡಿ ನಿಲ್ಲಿಸಿಯೇ ಒಳಗೆ ಬಂದಿದ್ದನಂತೆ. ಎದೆ ಹಿಡಿದಂಗ ಆಗೈತಿ, ನೀರು ಕೊಡು ಅಂದನಂತೆ. ಅವಳು ತಂಬಿಗೆ ತರುವಷ್ಟರಲ್ಲಿ ಕುಂತಲ್ಲೇ ಹೋಗಿದ್ದ.

ಕರಿಗುಡ್ಡದ ಹಟ್ಟಿ ಅನ್ನುವುದು ಗುಡ್ಡದ ಬುಡದ ಸಣ್ಣ ಊರು. ಹೊತ್ತು ಏರುವುದರೊಳಗೆ ಎಲ್ಲರೂ ಅಂಗಳಕ್ಕೆ ಬಂದಿದ್ದರು. ಹೊಳಿಯಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ತಲೆಗೆ ರುಮಾಲು ಸುತ್ತಿದ್ದರು. ಭಜನೆಯವರು ಒಂದು ಪದ ಮುಗಿಸಿ ಇನ್ನೊಂದಕ್ಕೆ ತಾಳ ಎತ್ತುವ ನಡುವೆ ಸಾಲಿಯ ಮಕ್ಕಳು ಬಂದರು. ಅವರ ಹಿಂದೆ ಟೀಚರ್ ಮಹೇಶ್ವರಿ. ಮಕ್ಕಳು ಹೆಣದ ಕಾಲಿಗೆ ನಮಸ್ಕರಿಸಿ ಹಿಂದೆ ಸರಿದರು. ಅವರಲ್ಲಿ ತೀರ ಸಣ್ಣವರಿಬ್ಬರು ಯಾರಿಗೂ ಹೇಳದೆ ಹೋಗಿ, ಓಣಿಯಲ್ಲಿ ನಿಂತಿದ್ದ ಟಂಟಂ ಹತ್ತಿ, ಪಾಟೀಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತರು.

ಮಹೇಶ್ವರಿ ಅವರನ್ನು ಕೈಹಿಡಿದು ಇಳಿಸಿದರು. ರೂಪಾಳ ಕಡೆ ತಿರುಗಿ, "ಇವತ್ತ ಶನಿವಾರ ಅಲ್ಲವಾ. ಅವಕ್ಕ ಅಷ್ಟ ಗೊತ್ತು," ಎಂದರು.

*

ಆರು ವರ್ಷದ ಹಿಂದೆ ರೂಪಾ ಸರಕಾರಿ ನೌಕರಿಯ ಪರೀಕ್ಷೆಗೆ ಕೂತಿದ್ದಳು. ಪರೀಕ್ಷೆ ಕೊಪ್ಪಳದಲ್ಲಿ, ಕಂಪ್ಯೂಟರಿನ ಮೇಲೆ. ಹಟ್ಟಿಯ ಸಾಲಿಯಲ್ಲಿ ಅವಳು ಕಂಪ್ಯೂಟರ್ ಕಂಡಿದ್ದು ಪುಸ್ತಕದ ಚಿತ್ರದಲ್ಲಿ ಮಾತ್ರ. ಮುಂದೆ ಓದಿದ ಹೈಸ್ಕೂಲಿನಲ್ಲಿ ಆ ಕೋಣೆಗೆ ಸದಾ ಬೀಗವಿರುತ್ತಿತ್ತು. ಪರದೆಯ ಮೇಲೆ ಮೊದಲ ಪ್ರಶ್ನೆ ಮೂಡಿದಾಗ ಉತ್ತರ ಅವಳಿಗೆ ಗೊತ್ತಿತ್ತು. ಆದರೆ ಬಾಣದ ಗುರುತು ಅವಳ ಮಾತು ಕೇಳಲಿಲ್ಲ. ಮೌಸನ್ನು ಅತ್ತ ಸರಿಸಿದರೆ ಅದು ಇತ್ತ ಓಡುತ್ತಿತ್ತು. ಒತ್ತಿದರೆ ಬೇರೇನೋ ತೆರೆದುಕೊಳ್ಳುತ್ತಿತ್ತು. ಪಕ್ಕದ ಹುಡುಗಿಯ ಬೆರಳುಗಳು ಟಕ್ ಟಕ್ ಎಂದು ಮುಂದೆ ಹೋಗುತ್ತಿದ್ದವು. ಕೈ ಎತ್ತಿ ಕೇಳಲು ನಾಚಿಕೆ. ಕೊನೆಗೊಬ್ಬ ಮೇಲ್ವಿಚಾರಕಿ ತಾವಾಗಿಯೇ ಬಂದು ತೋರಿಸಿಕೊಟ್ಟರು. ಕೈ ಸ್ವಲ್ಪ ಹಿಡಿತಕ್ಕೆ ಬಂತು ಅನ್ನುವಾಗ ವೇಳೆ ಮುಗಿದು ಪರದೆ ತಾನೇ ಮುಚ್ಚಿಕೊಂಡಿತು.

ಹೊರಗೆ ಬೇವಿನ ನೆರಳಲ್ಲಿ ಅಪ್ಪ ಪೇರಲಹಣ್ಣಿನ ಚೀಲ ಹಿಡಿದು ಕಾಯುತ್ತಿದ್ದ.

"ಭಾಳ ಕಠಿಣ ಇತ್ತೇನವಾ?"

"ಉತ್ರ ಎಲ್ಲಾ ಗೊತ್ತಿದ್ವು ಅಪ್ಪಾ. ಕೈ ಬರಲಿಲ್ಲ."

ಅವನು ಹಣ್ಣಿನ ಚೀಲ ಅವಳ ಕೈಗಿಟ್ಟ. ಮರುದಿನ ಸಾಲಿಗೆ ಹೋಗಿ, ನಮ್ಮ ಹಟ್ಟಿಗೆ ಕಂಪ್ಯೂಟರ್ ಯಾಕಿಲ್ಲ ಎಂದು ಟೀಚರರನ್ನು ಕೇಳಿದ. ಅಂಥವು ಮಕ್ಕಳ ಸಂಖ್ಯೆ ನೋಡಿ ಕೊಡುತ್ತಾರೆ, ಕೆಳಗಿನೂರಿನ ದೊಡ್ಡ ಸಾಲಿಗೆ ಬಂದಿವೆ, ನಮ್ಮಲ್ಲಿ ಹುಡುಗರು ಕಡಿಮೆ ಎಂದು ಮಹೇಶ್ವರಿ ತಿಳಿಸಿ ಹೇಳಿದರು.

"ಹುಡುಗ್ರು ಕಡಿಮಿ ಅದಾರಂತ ಒಬ್ಬೊಬ್ಬರಿಗೆ ಬೆರಳೂ ಕಡಿಮಿ ಅದಾವೇನ್ರಿ ಟೀಚರ್ರ?"

ಮಹೇಶ್ವರಿ ಕಾಗದ, ಪೆನ್ನು ತೆಗೆದರು. ಅರ್ಜಿ ಬರೆದುಕೊಟ್ಟರು. ಅವನು ಶಿಕ್ಷಣ ಇಲಾಖೆಯ ಆಫೀಸಿಗೆ ಒಯ್ದು ಕೊಟ್ಟ. ಅಲ್ಲಿಯವರು ಮುಂದಿನ ಸಲ ನೋಡೋಣ ಎಂದರು. ಮುಂದಿನ ಸಲವೂ ಅದನ್ನೇ ಹೇಳಿದರು.

ಆಗ ಅವನೇ ಶನಿವಾರದ ಗಾಡಿ ಶುರುಮಾಡಿದ. ಬೆಳಗಿನ ಸಾಲಿ ಬಿಟ್ಟ ಕೂಡಲೆ ಹಟ್ಟಿಯ ಮಕ್ಕಳನ್ನು ಹೇರಿಕೊಂಡು ಕೆಳಗಿನೂರಿಗೆ ಹೋಗುವುದು, ಅಲ್ಲಿಯ ಹೆಡ್‌ಮಾಸ್ತರರ ಒಪ್ಪಿಗೆಯ ಮೇಲೆ ಕಂಪ್ಯೂಟರ್ ಕೋಣೆಯಲ್ಲಿ ಕೂಡಿಸುವುದು, ಮುಗಿದ ಮೇಲೆ ಕರೆತರುವುದು. ಒಮ್ಮೆ ಅವನು ರೂಪಾಳನ್ನೂ ಕರೆದಿದ್ದ.

"ನೀನೂ ಬಾರವಾ. ಹಿಂದಿನ ಕುರ್ಚಿ ಖಾಲಿ ಇರ್ತೈತಿ."

ಸಣ್ಣ ಹುಡುಗರ ನಡುವೆ ನಾ ಹೋಗಿ ಕೂಡಲೇನು ಎಂದು ಅವಳು ಸಿಡುಕಿದಳು. ಅವನು ಗಾಡಿ ಹತ್ತಿ ಹೋದ. ಆಮೇಲಿನ ಪ್ರತಿ ಶನಿವಾರ ಅವಳು ಕಸಬರಿಗೆ ಹಿಡಿದೋ ಸೂಜಿ ಹಿಡಿದೋ ಬಾಗಿಲಲ್ಲೇ ಇರುತ್ತಿದ್ದಳು. ಇನ್ನೊಮ್ಮೆ ಕರೆದರೆ ಹೋಗಿಬಿಡಬೇಕು ಅನ್ನಿಸುತ್ತಿತ್ತು. ಅವನು ಗಾಡಿ ಚಾಲೂ ಮಾಡಿ, ಅವಳ ಕಡೆ ಒಮ್ಮೆ ನೋಡಿ, ಹೋಗಿಬಿಡುತ್ತಿದ್ದ. ಮುಂದೆ ಅವಳ ಮದುವೆಯಾಯಿತು. ಕುಷ್ಟಗಿಯಲ್ಲಿ ಜಂಪರು ಹೊಲಿಯುತ್ತ ಕೂತಾಗ, ಶನಿವಾರ ಮಧ್ಯಾಹ್ನ ಓಣಿಯಲ್ಲಿ ಯಾವ ಟಂಟಂ ಸದ್ದಾದರೂ ಅವಳ ಕಾಲು ಮಷಿನ್ನಿನ ಮೇಲೆ ತಾನಾಗಿ ನಿಲ್ಲುತ್ತಿತ್ತು.

*

ಹೆಣ ಎತ್ತಿದರು. ಹಲಗೆ ಬಡಿತದ ಸದ್ದಿನ ಹಿಂದೆ ಊರೆಲ್ಲ ಗುಡ್ಡದ ಕಡೆ ನಡೆಯಿತು. ಚಟ್ಟದ ಮುಂದಿನ ಬಲಗಡೆಗೆ ಹೆಗಲು ಕೊಟ್ಟಿದ್ದವನನ್ನು ರೂಪಾ ಗುರುತಿಸಲಿಲ್ಲ. ಉಳಿದವರು ಹೆಗಲು ಬದಲಿಸುತ್ತಿದ್ದರು. ಆತ ಮಾತ್ರ ಬಿಟ್ಟುಕೊಡಲಿಲ್ಲ. ಯಾರವರು ಎಂದು ಅವಳು ಟೀಚರರನ್ನು ಕೇಳಿದಳು.

ಕೆಳಗಿನೂರಿನ ದುರಗಪ್ಪ ಎಂದರು ಮಹೇಶ್ವರಿ. ಹಟ್ಟಿಯ ಮಕ್ಕಳು ಬರಬಾರದು ಎಂದು ಪಾಲಕರ ಸಭೆಯಲ್ಲಿ ಎದ್ದು ನಿಂತವನು ಅವನೇ. ಅವನದೂ ತಪ್ಪಲ್ಲ. ಇದ್ದ ಕಂಪ್ಯೂಟರುಗಳಲ್ಲಿ ಅರ್ಧ ಕೆಟ್ಟಿದ್ದವು. ಅವನ ಮಗಳಿಗೇ ವಾರಗಟ್ಟಲೆ ಪಾಳಿ ಬರುತ್ತಿರಲಿಲ್ಲ. ಹಟ್ಟಿಯವರು ಜಗಳಕ್ಕೆ ಸಿದ್ಧರಾಗಿ ಹೋಗಿದ್ದರು. ಹೊಳಿಯಪ್ಪ ಜಗಳ ಆಡಲಿಲ್ಲ. ಅವರು ಹೇಳುವುದು ಖರೆ ಐತಿ ಎಂದು ಮೊದಲು ಒಪ್ಪಿಕೊಂಡ. ಆಮೇಲೆ ಒಂದೇ ಮಾತು ಹೇಳಿದ.

"ಏನಂದ?" ರೂಪಾ ಕೇಳಿದಳು.

"ಒಂದೊಂದಕ್ಕ ಇಬ್ಬಿಬ್ರು ಕುಂಡ್ರಲಿ, ನಿಮ್ಮಾಕಿ ಒಬ್ಬಾಕಿ, ನಮ್ಮಾಕಿ ಒಬ್ಬಾಕಿ. ಒಬ್ಬಾಕಿ ಹಿಡದಾಗ ಇನ್ನೊಬ್ಬಾಕಿ ನೋಡ್ಲಿ. ಅರ್ಜಿ ಬೇಕಾದ್ರ ಎರಡೂ ಊರು ಕೂಡೇ ಕೊಡೋಣು. ಹಿಂಗಂದ್ರು ನಿಮ್ಮಪ್ಪ."

ಅರ್ಜಿಯನ್ನು ಎರಡೂ ಊರಿನವರು ಕೂಡಿಯೇ ಕೊಟ್ಟರಂತೆ. ದುರಗಪ್ಪನೇ ಮುಂದೆ ನಿಂತು ಮಾತಾಡಿದನಂತೆ.

"ಬಂತೇನ್ರಿ ಏನಾರ?"

"ಕೆಟ್ಟಿದ್ವು ರಿಪೇರಿ ಆದ್ವು. ನಮ್ಮ ಹಟ್ಟಿಗೆ ಇನ್ನೂ ಬಂದಿಲ್ಲ."

ತೆಗೆದ ಮಣ್ಣು ಕೆಂಪಗಿತ್ತು. ದುರಗಪ್ಪ ಕುಣಿಗಿಳಿದು ಹೊಳಿಯಪ್ಪನ ತಲೆಯನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಇಳಿಸಿಕೊಂಡ. ರೂಪಾ ಹಿಡಿಮಣ್ಣು ಹಾಕಿದಳು. ಮಹೇಶ್ವರಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಮುಂದೆ ಬಿಟ್ಟರು. ಗಂಡಸರೊಳಗೆ ಮುಂದಿನ ವಾರದ ಮಾತು ಬಂತು. ಗಾಡಿ ಓಡಿಸುವವರು ಹಟ್ಟಿಯಲ್ಲಿ ಬೇರೆ ಯಾರೂ ಇಲ್ಲ. ನಮ್ಮೂರಿಂದ ಯಾರನ್ನಾದರೂ ಕಳಿಸುತ್ತೇನೆ ಎಂದು ದುರಗಪ್ಪ ಹೇಳಿದ. ಹಟ್ಟಿಯವರು ಹೂಂ ಎಂದರು. ಅದು ಎಷ್ಟು ಶನಿವಾರ ನಡೆದೀತು ಎಂದು ಯಾರೂ ಕೇಳಲಿಲ್ಲ.

ಮಣ್ಣು ಮಾಡಿ ಮರಳಿದವರು ಊರ ಹೊರಗಿನ ನೀರಿನ ಟ್ಯಾಂಕಿನ ಹತ್ತಿರ ಕೈಕಾಲು ತೊಳೆಯುತ್ತಿದ್ದರು. ರೂಪಾ ಎಲ್ಲರಿಗಿಂತ ಹಿಂದೆ ಉಳಿದಳು. ನಳದ ಕೆಳಗೆ ಕೈ ಹಿಡಿದಾಗ ಪಕ್ಕದಲ್ಲಿ ಸಾಲಿಯಲ್ಲಿ ಐದನೆಯ ಇಯತ್ತೆ ಓದುವ ರೇಣುಕಾ ಬಂದು ನಿಂತಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು.

"ರೂಪಕ್ಕಾ, ನಿನಗ ಎಲ್ಲಾ ಉತ್ರ ಗೊತ್ತಿದ್ವಂತ ಹೌದಾ?"

"ಯಾರಂದ್ರು?"

"ಹೊಳಿಯಪ್ಪ ಮುತ್ಯಾ. ಗಾಡ್ಯಾಗ ಹೋಗೂ ಮುಂದ ಹೇಳ್ತಿದ್ದ. ನಮ್ಮ ರೂಪಾಗ ಎಲ್ಲಾ ಗೊತ್ತಿದ್ವು, ಕೈ ಅಷ್ಟ ಬರಲಿಲ್ಲ, ನೀವು ಕೈ ಕಲೀರಿ ಅಂತ."

ರೂಪಾ ಟ್ಯಾಂಕಿನ ಕಟ್ಟೆಗೆ ಬಿಗಿಯಾಗಿ ಕೈಯೂರಿದಳು. ರೇಣುಕಾ ಅವಳ ಮುಖ ನೋಡಿದಳು, ಊರಿದ ಕೈ ನೋಡಿದಳು.

"ಮೌಸ್ ಅಷ್ಟ ಬಿಗಿ ಹಿಡೀಬಾರದಕ್ಕಾ. ಸಡ್ಲ ಬಿಡಬೇಕು. ಹಿಂಗ."

ಅವಳು ತನ್ನ ಅಂಗೈಯನ್ನು ರೂಪಾಳ ಕೈಮೇಲೆ ಇಟ್ಟು, ಸೆಟೆದಿದ್ದ ತೋರುಬೆರಳನ್ನು ಮೆಲ್ಲಗೆ ಬಗ್ಗಿಸಿದಳು. ಒದ್ದೆ ಸಿಮೆಂಟಿನ ಮೇಲೆ ದೊಡ್ಡ ಕೈ, ಅದರ ಮೇಲೆ ಸಣ್ಣ ಕೈ, ಎರಡೂ ಕೂಡಿ ನಿಧಾನವಾಗಿ ಮುಂದಕ್ಕೆ ಸರಿದವು. ಅವು ಸರಿದಲ್ಲೆಲ್ಲ ನೀರಿನ ಗೆರೆ ಮೂಡಿ, ಬಿಸಿಲಿಗೆ ಹಿಂದಿನಿಂದ ಆರುತ್ತ ಬಂತು.