ಸೀಳಬಾರದೆಂದು ಹೇಳಿಟ್ಟ ಉಕ್ಕು

ನಿಂತಿತು, ಎಷ್ಟು ವಿಧೇಯವಾಗಿ ನಿಂತಿತು, ಕ್ರೇನಿನ ತೊಲೆಯ ಬೆಸುಗೆಯ ಹತ್ತಿರ ಹುಟ್ಟಿದ ಕಪ್ಪು ಗೆರೆ ಕಂಪ್ಯೂಟರ್ ಪರದೆಯ ಮೇಲೆ ಚೌಕ ಚೌಕವಾಗಿ ಸೀಳಿಕೊಂಡು ಬಂದು, ಯಾರೋ ಗದರಿದ ಹಾಗೆ ಗಕ್ಕನೆ ನಿಂತಿತು, ಭಾರ ಇನ್ನೂ ಏರುತ್ತಲೇ ಇದೆ, ಗೆರೆಯ ತುದಿಯಲ್ಲಿ ಕೆಂಪು ಹಾಗೇ ಉರಿಯುತ್ತಿದೆ, ಉರಿಯುತ್ತಿರುವಾಗಲೇ ನಿಲ್ಲುವುದು ಹೇಗೆ, ಉಕ್ಕಿಗೆ ಇಷ್ಟು ಒಳ್ಳೆಯ ಬುದ್ಧಿ ಯಾವಾಗ ಬಂತು — ಆಯ್ತಾ, ಎಂದರು ಹಿಂದಿನಿಂದ ನಮ್ಮ ಮೇಲಧಿಕಾರಿ, ಮಾತಿಗೊಮ್ಮೆ ಹಾಗೆ ಕೇಳುವುದರಿಂದ ಆಫೀಸಿನಲ್ಲಿ ಅವರ ಹೆಸರೇ ಆಯ್ತಾ ಸಾರ್. ಬಿರುಕೇ ನಿಂತೋಯ್ತು, ನೀವಿನ್ನೂ ನಿಲ್ತಿಲ್ವಲ್ಲಮ್ಮ, ವರದಿಗೆ ಸಹಿ ಹಾಕಿ ಕಳಿಸಿ, ನಾಳೆ ಬೆಳಿಗ್ಗೆ ಕಾರ್ಖಾನೆಯವರು ಕ್ರೇನಿಗೆ ಪೂರ್ತಿ ಭಾರ ಹಾಕಿ ನೋಡ್ತಾರಂತೆ. ನಕ್ಕರು, ನಾನೂ ನಕ್ಕೆ, ನಗು ಮುಗಿದ ಮೇಲೂ ಅವರ ಕೈ ನನ್ನ ಕುರ್ಚಿಯ ಬೆನ್ನಿನ ಮೇಲಿತ್ತು, ಈಗ ಇಲ್ಲ, ಟೀ ಯಂತ್ರದ ಹತ್ತಿರ ಹೋಗಿದ್ದಾರೆ, ಅಲ್ಲಿಂದ ನನ್ನ ಪರದೆ ಕಾಣುತ್ತದೆ, ಸ್ವಲ್ಪ ಓರೆಯಾಗಿ ಕೂತರೆ ಕಾಣುವುದಿಲ್ಲ, ಓರೆಯಾಗಿ ಕೂತಿದ್ದೇನೆ. ನಾಳೆ ಆ ಕ್ರೇನಿನಲ್ಲಿ ಕೂರುವವನು ನನ್ನ ತಮ್ಮ, ಇಲ್ಲಿ ಯಾರಿಗೂ ಹೇಳಿಲ್ಲ, ಹೇಳಿದರೆ ಈ ಕೆಲಸ ನನ್ನ ಕೈಯಿಂದ ತೆಗೆದುಬಿಡುತ್ತಾರೆ, ಆಮೇಲೆ ಯಾರು ನೋಡುತ್ತಾರೆ, ನೋಡಿದವರು ಎಷ್ಟು ನೋಡುತ್ತಾರೆ, ಈ ಗೋಡೆಯಿಂದ ಆ ಗೋಡೆಗೆ ಚಾಚಿದ ತೊಲೆ, ಅದರ ಹೊಟ್ಟೆಗೆ ನೇತುಹಾಕಿದ ಗಾಜಿನ ಪೆಟ್ಟಿಗೆ, ಅದರೊಳಗೆ ಅವನು, ಕಾಲ ಕೆಳಗೆ ಬರೀ ಗಾಳಿ, ಅಲ್ಲಿಂದ ನೋಡಿದ್ರೆ ನಮ್ಮ ಮ್ಯಾನೇಜರ ಬೋಳುತಲೆ ಒಂದೇ ಮಿಂಚೋದು ಕಣೇ ಅಕ್ಕ, ಎನ್ನುತ್ತಾನೆ ಊಟಕ್ಕೆ ಕೂತಾಗ, ಅಮ್ಮ ನಗುತ್ತಾಳೆ, ಬೆಸುಗೆ ಪರೀಕ್ಷೆ ಮಾಡಿದ್ರೇನೋ ಎಂದು ನಾನು ಕೇಳುತ್ತೇನೆ, ನೀನು ಬಿಡು, ಕೂರೋ ಮುಂಚೆ ಕುರ್ಚಿ ಹತ್ರಾನೂ ಕ್ಯಾರೆಕ್ಟರ್ ಸರ್ಟಿಫಿಕೇಟ್ ಕೇಳೋಳು, ಎನ್ನುತ್ತಾನೆ. ಕೇಳಬೇಕು, ಕುರ್ಚಿಯ ಹತ್ತಿರವೂ ಕೇಳಬೇಕು.

ಎಕ್ಸ್‌ಫೆಮ್ ಎಂದು ನಾವು ಕರೆಯುವ ಈ ವಿಧಾನವನ್ನು ಕಲಿತಾಗ ಎಷ್ಟು ಖುಷಿಯಾಗಿತ್ತು, ಹಳೆಯದರಲ್ಲಿ ಪರದೆಯ ಮೇಲಿನ ತೊಲೆಯನ್ನು ಚೌಕಗಳಾಗಿ ಕತ್ತರಿಸಿದರೆ ಬಿರುಕು ಚೌಕದ ಅಂಚು ಹಿಡಿದೇ ಹೋಗಬೇಕು, ಒಂದು ಹೆಜ್ಜೆ ಮುಂದೆ ಹೋದರೆ ಎಲ್ಲವನ್ನೂ ಮತ್ತೆ ಕತ್ತರಿಸಬೇಕು, ಇದರಲ್ಲಿ ಹಾಗಿಲ್ಲ, ಚೌಕಗಳು ಇದ್ದ ಹಾಗೇ ಇರುತ್ತವೆ, ಬಿರುಕು ಅವುಗಳ ನಡುಹೊಟ್ಟೆಯನ್ನೇ ಹಾದು ಹೋಗುತ್ತದೆ, ಹಾದ ಚೌಕದ ಮೂಲೆಗಳಿಗೆ ನಾವು ಒಂದು ಹೆಚ್ಚಿನ ಸ್ವಾತಂತ್ರ್ಯ ಕೊಡುತ್ತೇವೆ, ನಿನ್ನ ಈ ಮಗ್ಗುಲು ಇತ್ತ ಹೋಗಬಹುದು, ಆ ಮಗ್ಗುಲು ಅತ್ತ, ಚೌಕ ಒಂದೇ, ಮನಸ್ಸು ಎರಡು. ಆದರೆ ಎಲ್ಲಿಯವರೆಗೆ ಸೀಳಬಹುದು ಎಂದು ಮೊದಲೇ ಒಂದು ವಲಯ ಗುರುತಿಸಬೇಕು, ವಲಯದ ಆಚೆಯ ಚೌಕಕ್ಕೆ ಸೀಳುವುದೇ ಗೊತ್ತಿಲ್ಲ, ಎಷ್ಟು ಜಗ್ಗಿದರೂ ಹಿಗ್ಗುತ್ತದೆ ಅಷ್ಟೆ — ವಲಯ, ಅದನ್ನು ನೋಡಿದೆನೇ ಇವತ್ತು, ನೋಡಲಿಲ್ಲ, ನಾನು ಹಾಕಿದ್ದು ತೊಲೆಯ ಅರ್ಧದವರೆಗೆ, ಈಗ ತೋರಿಸು, ಹಸಿರಾಗಿ ತೋರಿಸು, ಹಸಿರು ಬೆಸುಗೆಯ ಸುತ್ತ ಒಂದು ಅಂಗೈಯಷ್ಟು, ಅಷ್ಟೇ, ಗೆರೆಯ ತುದಿ ಆ ಹಸಿರಿನ ಕೊನೆಗೆ ಹಣೆ ಒತ್ತಿಕೊಂಡು ನಿಂತಿದೆ. ಉಕ್ಕು ತಡೆದದ್ದಲ್ಲ, ಸೀಳಬಾರದೆಂದು ಹೇಳಿಟ್ಟದ್ದಕ್ಕೆ ಸೀಳಿಲ್ಲ. ನಿನ್ನೆ ಸಂಜೆ ಆಯ್ತಾ ಸಾರ್, ಲೆಕ್ಕ ಓಡೋಕೆ ತುಂಬಾ ಹೊತ್ತು ಹಿಡೀತಿದೆ ಅಂತಿದ್ರಲ್ಲ, ಮಾಡೆಲ್ ಸ್ವಲ್ಪ ಹಗುರ ಮಾಡಿಟ್ಟಿರ್ತೀನಿ, ನೀವು ಮನೆಗೆ ಹೊರಡಿ, ಎಂದರು, ಪಾಪ, ಎಷ್ಟು ಒಳ್ಳೆಯವರು ಎಂದುಕೊಂಡು ಹೊರಟೆ, ನಾನು, ಹಾಲು ಉಕ್ಕಿದ ಮೇಲೂ ಮೂಸಿ ನೋಡುವವಳು, ಒಬ್ಬರ ಒಳ್ಳೆಯತನವನ್ನು ಮೂಸಿ ನೋಡದೆ ಹೊರಟೆ. ಲೆಕ್ಕ ಬೇಗ ಮುಗಿಯಲೆಂದು ಮಾಡಿದರೋ, ಬಿರುಕು ಬೇಗ ನಿಲ್ಲಲೆಂದು ಮಾಡಿದರೋ, ಎರಡಕ್ಕೂ ಒತ್ತುವುದು ಒಂದೇ ಗುಂಡಿ, ಗುಂಡಿ ನೋಡಿ ಮನಸ್ಸು ಹೇಳಲಾಗುವುದಿಲ್ಲ.

ವಲಯವನ್ನು ಹಿಗ್ಗಿಸಿದೆ, ಅರ್ಧವಲ್ಲ, ತೊಲೆ ಪೂರ್ತಿ, ಓಡಿಸಿದೆ, ನಿಲ್ಲಲಿ, ನಿಜವಾಗಿಯೂ ನಿಲ್ಲಲಿ, ನನ್ನದೇ ತಪ್ಪು ಎಂದಾಗಲಿ, ಸಂಜೆ ಮನೆಯಲ್ಲಿ ತಮ್ಮ ನಗಲಿ, ಗೆರೆ ಬಂತು, ಹಸಿರು ಮುಗಿಯುತ್ತಿದ್ದ ಜಾಗಕ್ಕೆ ಬಂತು, ಅಲ್ಲಿ ಏನೂ ಇಲ್ಲವೆಂಬಂತೆ ದಾಟಿತು, ಮೇಲಕ್ಕೆ ಹೊರಳಿತು. ಏನ್ ಮಾಡ್ತಿದೀರಿ, ಎಂದರು ಆಯ್ತಾ ಸಾರ್, ಯಾವಾಗ ಬಂದರೋ, ಕೈಯಲ್ಲಿ ಟೀ. ವಲಯ ದೊಡ್ಡದು ಮಾಡಿದೆ ಸಾರ್, ಎಂದೆ. ಯಾರು ಹೇಳಿದ್ರು. ಯಾರೂ ಹೇಳಿಲ್ಲ ಸಾರ್, ಚಿಕ್ಕದು ಮಾಡಿ ಅಂತ ನಿಮಗೆ ಯಾರು ಹೇಳಿದ್ರು. ಟೀ ಊದಿದರು, ಕುಡಿಯಲಿಲ್ಲ, ತಗ್ಗಿದ ದನಿಯಲ್ಲಿ, ಕ್ರೇನ್ ಕ್ಯಾಬಿನ್ನಲ್ಲಿ ಕೂರೋನು ನಿಮ್ಮ ತಮ್ಮ ಅಲ್ವೇನಮ್ಮ, ಎಂದರು, ಹೆದರಿದೋರಿಗೆ ಎಲ್ಲೆಲ್ಲೂ ಬಿರುಕೇ ಕಾಣೋದು, ತಮ್ಮನ ವಿಷಯ ನಾನು ಮೇಲಿನೋರಿಗೆ ಹೇಳಿದ್ರೆ ನಿಮ್ಮ ಲೆಕ್ಕಾನ ಯಾರೂ ನಂಬಲ್ಲ, ಆಯ್ತಾ. ಗೊತ್ತಿತ್ತು, ಇವರಿಗೆ ಗೊತ್ತಿತ್ತು, ಯಾವಾಗಿನಿಂದ, ನಿನ್ನೆ ಸಂಜೆ ಮನೆಗೆ ಹೊರಡಿ ಎನ್ನುವಾಗಲೂ ಗೊತ್ತಿತ್ತೇ, ಅವನು ಅಲ್ಲಿ ಕೂರುತ್ತಾನೆಂದು ಗೊತ್ತಿದ್ದೂ ಆ ಅಂಗೈಯಷ್ಟು ಹಸಿರು — ಎದ್ದೆ, ಕುರ್ಚಿಯನ್ನು ಅವರ ಕಡೆ ತಿರುಗಿಸಿದೆ, ನೀವೇ ಕೂತ್ಕೊಳ್ಳಿ ಸಾರ್, ಎಂದೆ, ವಲಯ ನೀವೇ ಹಾಕಿ, ತೊಲೆ ಪೂರ್ತಿ ಹಾಕಿ, ನೀವೇ ಓಡಿಸಿ, ಅಲ್ಲಿ ನಿಮ್ಮವರು ಯಾರೂ ಕೂರಲ್ವಲ್ಲ, ನಿಮ್ಮ ಕೈಯಲ್ಲಿ ಬಿರುಕು ನಿಂತ್ರೆ ಈಗಲೇ ಸಹಿ ಹಾಕ್ತೀನಿ, ನಿಲ್ಲದಿದ್ರೆ ನೀವೇ ಕಾರ್ಖಾನೆಗೆ ಫೋನ್ ಮಾಡಿ. ಸುತ್ತಲಿನ ಮೇಜುಗಳ ಟೈಪಿಂಗ್ ನಿಂತಿದೆ, ಯಾರೂ ಈ ಕಡೆ ನೋಡುತ್ತಿಲ್ಲ, ನೋಡದಿರುವುದು ಕಾಣುತ್ತಿದೆ, ಕುರ್ಚಿ ಖಾಲಿ, ಮೌಸ್ ಅವರ ಕೈಗೆ ಎಟುಕುವಷ್ಟು ಹತ್ತಿರ, ಅವರು ಮುಟ್ಟುವುದಿಲ್ಲ, ಪರದೆಯನ್ನು ನೋಡುತ್ತಿದ್ದಾರೆ, ನಾನೂ, ಗೆರೆಯ ತುದಿ ಕೆಂಪು, ಮುಂದಿನ ಚೌಕ ಸೀಳಿತು, ಅವರ ಕೈ ಬರಲಿಲ್ಲ, ತುದಿ, ಮುಂದಿನ ಚೌಕ, ಅವರ ಕೈ, ತುದಿ, ಕೆಂಪು, ಮುಂದಿನ ಚೌಕ —