ಖಾಲಿ ಕ್ರೇಟು

2025ರ ಮಾರ್ಚ್ 11, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ.

"ಇನ್ನೊಂದ್ಸಲ ಹೇಳಮ್ಮ, ಜೋರಾಗಿ. ನನ್ನ ಬಡತನಕ್ಕೆ ನನ್ನ ಮನಸ್ಸೇ ಕಾರಣ."

ಎದ್ದು ನಿಂತಿದ್ದವರು ನನ್ನ ಅತ್ತೆ. ಅರವತ್ತೆರಡು ವಯಸ್ಸು. ಮೂವತ್ತು ವರ್ಷದಿಂದ ಈ ಶೆಡ್ಡಿನಲ್ಲಿ ಹಳೇ ಪ್ಲಾಸ್ಟಿಕ್ ಆರಿಸುತ್ತಾರೆ. ಬಾಟಲಿ ಬೇರೆ, ಮುಚ್ಚಳ ಬೇರೆ, ಕವರು ಬೇರೆ. ಉಗುರಿನೊಳಗಿನ ಕಪ್ಪು ಮದುವೆಮನೆಗೂ ಅವರ ಜೊತೆಗೇ ಹೋಗುತ್ತದೆ. ತುಟಿ ಅಲ್ಲಾಡಿತು, ದನಿ ಬರಲಿಲ್ಲ.

ಹೇಳಿಸುತ್ತಿದ್ದವನು ಟೈ ಕಟ್ಟಿಕೊಂಡು ಬಂದಿದ್ದ ಮೇಷ್ಟ್ರು. ಹಣದ ವಿಷಯದಲ್ಲಿ ನಮ್ಮ ಬುದ್ಧಿ ತಿದ್ದಲೆಂದು ಧಣಿ ಕರೆಸಿದ್ದ. ನಮ್ಮದು ಕೆಜಿ ಲೆಕ್ಕದ ಕೂಲಿ. ಪಾಠ ಕೇಳುವ ಎರಡು ಗಂಟೆಗೆ ಏನೂ ಹುಟ್ಟುವುದಿಲ್ಲ. ನಲವತ್ತು ಹೆಂಗಸರು ಕ್ರೇಟುಗಳನ್ನು ಬೋರಲು ಹಾಕಿ ಕೂತಿದ್ದೆವು. ಸಾಹುಕಾರರು ಕೆಲಸವನ್ನು ಅವಕಾಶ ಅಂತ ನೋಡುತ್ತಾರಂತೆ, ನಾವು ಹೊರೆ ಅಂತ ನೋಡುತ್ತೇವಂತೆ.

"ಹೊರೆ ಹೊತ್ತಿದ್ದಾನೇನೆ ಈ ಬೋಳಿಮಗ ಯಾವತ್ತಾದ್ರೂ?" ಪಕ್ಕದಲ್ಲಿದ್ದ, ಧೂಳಿಗೆ ಸದಾ ಕೆಮ್ಮುವ ನಮ್ಮ ಕೆಮ್ಮಕ್ಕ ನನ್ನ ಕಿವಿಯಲ್ಲಿ ಅಂದಳು.

ನಗು ಬರಲಿಲ್ಲ. ದಿನಕ್ಕೆ ನಲವತ್ತು ಕೆಜಿ ಆರಿಸದವರು ನಾಳೆಯಿಂದ ಬರಬೇಡಿ ಎಂದು ಧಣಿ ಬೆಳಗ್ಗೆಯೇ ಹೇಳಿದ್ದ.

"ಈಯಮ್ಮಂದು ಎಷ್ಟು?" ಎಂದ ಮೇಷ್ಟ್ರು.

"ಮೂವತ್ತಾರು ದಾಟಿದ್ದೇ ಇಲ್ಲ," ತೂಕ ಹಾಕುವ ರೈಟರ್ ಉತ್ತರಿಸಿದ.

"ಸೋಮಾರಿತನ ರಕ್ತದಲ್ಲೇ ಇದೆ ಮೇಷ್ಟ್ರೇ," ಧಣಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ನಾಳೆಯಿಂದ ಮನೇಲಿ ಕೂತ್ಕೊಂಡು ಬದಲಾಯಿಸ್ಕೊಳ್ಲಿ ಮನಸ್ಸನ್ನ."

ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಮೇಷ್ಟ್ರು ನಮ್ಮೆಲ್ಲರ ಕಡೆ ತಿರುಗಿದ.

"ನಿಮ್ಮ ದುಡಿಮೆ ಎಲ್ಲಿ ಸೋರ್ತಿದೆ? ನೀವೇ ಹುಡುಕ್ಬೇಕು. ಬೇರೆ ಯಾರೂ ಬಂದು ಹುಡುಕಿಕೊಡಲ್ಲ."

ಅವನ ಪಾಠದಲ್ಲಿ ನನಗೆ ನಾಟಿದ್ದು ಅದೊಂದೇ ಮಾತು.

ಅತ್ತೆ ದಿನಕ್ಕೆ ಐದು ಕ್ರೇಟು ತುಂಬುತ್ತಾರೆ. ತೂಕ ಹಾಕುವಾಗ ಖಾಲಿ ಕ್ರೇಟಿನ ಭಾರವೆಂದು ಒಂದೊಂದಕ್ಕೂ ಮೂರು ಕೆಜಿ, ಐದಕ್ಕೆ ಹದಿನೈದು ಕೆಜಿ ಕಳೆಯುತ್ತಾರೆ. ಆ ಮೂರು ಕೆಜಿ ಕಬ್ಬಿಣದ ಬುಟ್ಟಿಗಳ ಕಾಲದ್ದು. ನಾಲ್ಕು ವರ್ಷದ ಹಿಂದೆ ಅವು ತುಕ್ಕು ಹಿಡಿದು ಹೋಗಿ ಪ್ಲಾಸ್ಟಿಕ್ಕಿನವು ಬಂದವು. ಕಳೆಯುವುದು ಮಾತ್ರ ಮೂರೇ ಉಳಿಯಿತು. ಹೊಸವು ಹಗುರವೆಂದು ನಮ್ಮ ಸೊಂಟಗಳಿಗೆ ಮೊದಲ ದಿನವೇ ಗೊತ್ತಾಗಿತ್ತು. ನಾವದನ್ನು ಧಣಿಯ ಉಪಕಾರ ಎಂದುಕೊಂಡಿದ್ದೆವು. ಅತ್ತೆ ಕೈ ಮುಗಿದೂ ಇದ್ದರು.

ನಾನು ಎದ್ದೆ. ಕೂತಿದ್ದ ಕ್ರೇಟನ್ನೇ ಎತ್ತಿಕೊಂಡು, ಧೂಳು ಕೊಡವಿ, ತೂಕದ ಯಂತ್ರದ ಕಡೆ ನಡೆದೆ. ಅದರ ಅಂಕಿಗಳ ಮುಖ ಯಾವತ್ತೂ ರೈಟರ್ ಕಡೆಗಿರುತ್ತದೆ.

"ಏಯ್, ಮುಟ್ಟಿದ್ರೆ ಅರ್ಧ ದಿನದ ಕೂಲಿ ಕಟ್," ಎಂದ ಅವನು.

"ಮಾಡ್ಕೊಳ್ಳಿ."

ಯಂತ್ರವನ್ನು ಹೆಂಗಸರ ಕಡೆಗೆ ತಿರುಗಿಸಿದೆ. ನೆಲಕ್ಕೆ ಉಜ್ಜಿ ಕಿರುಗುಟ್ಟಿತು. ಧಣಿ ಕುರ್ಚಿಯಿಂದ ಎದ್ದ. ಅವನು ಬಂದು ಮುಟ್ಟುವಷ್ಟರಲ್ಲಿ ಕೆಮ್ಮಕ್ಕ ದಾರಿಗೆ ಅಡ್ಡ ನಿಂತಿದ್ದಳು; ಅವಳ ಹಿಂದೆ ಇನ್ನೂ ಇಬ್ಬರು. ನಾನು ಕ್ರೇಟನ್ನು ಯಂತ್ರದ ಮೇಲಿಟ್ಟು ಕೈ ತೆಗೆದೆ. ಅಂಕಿಗಳು ಸ್ವಲ್ಪ ಹೊತ್ತು ಕುಣಿದು ನಿಂತವು.

ಅತ್ತೆಗೆ ಅಕ್ಷರ ಬರುವುದಿಲ್ಲ. ಅಂಕಿ ಬರುತ್ತದೆ.

"ಓದಿ ಅತ್ತೆ," ಎಂದೆ. "ಜೋರಾಗಿ."

ಅವರು ಸೆರಗು ಬಿಟ್ಟು ಹತ್ತಿರ ಬಂದು, ಬಗ್ಗಿ ನೋಡಿದರು. ಈ ಸಲ ದನಿ ಶೆಡ್ಡಿನ ಆ ತುದಿಗೂ ಕೇಳಿತು.

"ಒಂದು ಕೆಜಿ, ಇನ್ನೂರ ನಲವತ್ತು ಗ್ರಾಂ."