ಒಣ ನಾಲಿಗೆ

"ನಾಲಿಗೆ ಹೊರಗೆ ಹಾಕೇ, ಮುದುಕಿ! ಇನ್ನೂ ಉದ್ದ. ನಾಯಿ ಚಾಚಲ್ವಾ, ಹಂಗೆ."

ದೊಡ್ಡಮ್ಮ ನಾಲಿಗೆ ಚಾಚಿದಳು. ಮೇಸ್ತ್ರಿ ಬಗ್ಗಿ ನೋಡಿ, ಒಣಗಿದೆ ಎಂದು ಖಾತ್ರಿ ಮಾಡಿಕೊಂಡು ಅವಳನ್ನು ನೀರಿಗೆ ಬಿಟ್ಟ.

ಪಟ್ಟಣಕ್ಕೆ ಕುಡಿಯುವ ನೀರು ಹೋಗುವ ಜಲಾಶಯ ಅದು. ಅಂತರಗಂಗೆ ಕಳೆ ಮುತ್ತಿಕೊಂಡು ಪಂಪಿನ ಜಾಲರಿ ಕಟ್ಟಿಕೊಳ್ಳುತ್ತಿತ್ತು. ಎದೆಮಟ್ಟದ ನೀರಿನಲ್ಲಿ ನಿಂತು ಅದನ್ನು ಬೇರುಸಹಿತ ಕಿತ್ತು ದಡಕ್ಕೆಳೆಯುವುದು ಹೆಂಗಸರ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಅವರು ಒಂದು ಗುಟುಕು ನೀರೂ ಕುಡಿಯುವಂತಿರಲಿಲ್ಲ.

"ಕುಡಿದ್ರೆ ಉಚ್ಚೆ ಬರುತ್ತೆ. ಉಚ್ಚೆ ಬಂದ್ರೆ ನೀವು ಕತ್ತೆಗಳು ನೀರಲ್ಲೇ ಬಿಡ್ತೀರ. ಪಟ್ಟಣದ ದೊಡ್ಡ ಮನುಷ್ಯರು ಅದನ್ನ ಕುಡೀಬೇಕಾ?" ಎಂದು ಮೇಸ್ತ್ರಿ ದಿನಾ ಹೇಳುತ್ತಿದ್ದ. ಅವನ ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿತ್ತು. ಬೆನ್ನ ಹಿಂದೆ ಹೆಂಗಸರು ಅವನನ್ನು ಸೀಟಿ ಎಂದೇ ಕರೆಯುತ್ತಿದ್ದರು.

"ಈ ಸೀಟಿ ಅವರಮ್ಮನ ಹೊಟ್ಟೇಲಿದ್ದಾಗ ಉಚ್ಚೆ ಹೊಯ್ಯೋಕೆ ಹೊರಗೆ ಎದ್ದು ಬರ್ತಿದ್ನಂತೇನೇ?" ಎಂದಳು ಪಕ್ಕದಲ್ಲಿದ್ದ ಬಾಯಿಬಡಕಿ. ನಕ್ಕರೆ ಒಣಗಿದ ತುಟಿ ಸೀಳುತ್ತಿತ್ತು. ಆದರೂ ನಕ್ಕರು.

ದೊಡ್ಡಮ್ಮನ ಸೊಸೆ ನಗಲಿಲ್ಲ. ಅವಳು ಬಸುರಿ. ಬಸುರಿಯರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಮಗ ಕೈ ಮುರಿದುಕೊಂಡು ಮನೆಯಲ್ಲಿ ಬಿದ್ದಿದ್ದ, ಒಲೆ ಉರಿಯಬೇಕಲ್ಲ. ದೊಡ್ಡಮ್ಮ ತಾನೇ ತನ್ನ ಹಳೆ ಸೀರೆ ಹರಿದು ಅವಳ ಹೊಟ್ಟೆಯನ್ನು ಬಿಗಿದು ಕಟ್ಟಿದ್ದಳು. ಹಿಂದಿನ ಎರಡು ಬಸಿರೂ ನಿಂತಿರಲಿಲ್ಲ. ಇದು ಒದೆಯುವಷ್ಟಾಗಿತ್ತು.

"ಅತ್ತೆ, ಒಂದೇ ಒಂದು ಬೊಗಸೆ. ಗಂಟಲು ಅಂಟ್ಕೊಂಡಿದೆ."

"ತಡ್ಕೊಳೇ ತಾಯಿ. ಅವನ ಕಣ್ಣು ಇಲ್ಲೇ ಇದೆ. ಹೊತ್ತು ಇಳೀಲಿ, ಕೊಡ ಎತ್ತಿ ಕುಡಿಯುವಂತೆ."

"ಬೆಳಗ್ಗೆಯಿಂದ ಇದು ಒದೀತಾನೂ ಇಲ್ಲ, ಅತ್ತೆ."

ದೊಡ್ಡಮ್ಮ ಸೊಸೆಯ ಪಾಲಿನ ಬೇರಿಗೂ ಕೈ ಹಾಕಿದಳು. ಅವಳು ಮದುವೆಯಾಗಿ ಬಂದ ಮನೆ ಇದೇ ನೀರಿನ ಅಡಿಯಲ್ಲಿತ್ತು. ಮನೆಯ ಹಿಂದೆ ಬಾವಿಯಿತ್ತು. ದಾರಿಹೋಕರು ಬಂದರೆ ಮೊದಲು ನೀರು ಕೊಟ್ಟು, ಆಮೇಲೆ ಯಾರು ಏನು ಎಂದು ಕೇಳುತ್ತಿದ್ದರು. ಕೆಸರಿನಲ್ಲಿ ಕಾಲಿಗೆ ಕಲ್ಲು ತಗುಲಿದಾಗಲೆಲ್ಲ ಅವಳಿಗೆ ಆ ಬಾವಿಕಟ್ಟೆಯ ನೆನಪು.

ಬಿಸಿಲು ನೆತ್ತಿಗೆ ಬಂದಾಗ ಸೊಸೆ ಬಗ್ಗಿ, ಎಲೆಗಳ ಮರೆಯಲ್ಲಿ ನೀರಿಗೆ ಬಾಯಿ ಇಟ್ಟಳು. ದಡದಿಂದ ಕಲ್ಲೊಂದು ಬಂದು ಅವಳ ಹೆಗಲಿಗೆ ಬಡಿಯಿತು.

"ನುಂಗಿದ್ಯೋ ಸತ್ತೆ! ಮೇಲೆ ಬಾರೇ, ಮುಂಡೆ!"

ಮೇಲೆ ಬಂದವಳ ಬಾಯಿಗೆ ಮೇಸ್ತ್ರಿ ತನ್ನ ಕೈಯಾರೆ ಬೆರಳು ತುರುಕಿದ. ಕುಡಿದ ನೀರನ್ನೆಲ್ಲ ಅವಳು ಕಕ್ಕಿದಳು. ನೀರಿನ ಹಿಂದೆಯೇ ಹಸಿರು ಪಿತ್ತ ಬಂತು. ಅಳುವುದಕ್ಕೆ ನೋಡಿದಳು, ಕಣ್ಣೀರು ಬರುವಷ್ಟೂ ನೀರು ಮೈಯಲ್ಲಿರಲಿಲ್ಲ.

"ಹ್ಞಾಂ, ಈಗ ಇಳಿ."

ಇಳಿದವಳು ನಾಲ್ಕು ಹೆಜ್ಜೆ ಹಾಕಿ, ಹೊಟ್ಟೆ ಹಿಡಿದುಕೊಂಡು ಕುಸಿದಳು. ದೊಡ್ಡಮ್ಮ ಅವಳ ತಲೆಯನ್ನು ನೀರಿನಿಂದ ಎತ್ತಿ ಹಿಡಿಯುವಷ್ಟರಲ್ಲಿ ಎಲೆಗಳ ನಡುವೆ ಕೆಂಪು ಹರಡತೊಡಗಿತ್ತು.

ಮೇಸ್ತ್ರಿ ಸೀಟಿ ಊದುತ್ತಾ ಓಡಿಬಂದ. "ಅಯ್ಯಯ್ಯೋ, ನೀರು! ನೀರು ಕೆಡ್ತು! ಬಕೆಟ್ ತಗೊಳ್ರೇ! ಕೆಂಪಾಗಿರೋದನ್ನೆಲ್ಲ ಮೊಗೆದು ಹೊರಗೆ ಸುರೀರಿ!"

ಸೊಸೆಯನ್ನು ಎಳೆದು ತಂದು ಕಿತ್ತ ಸೊಪ್ಪಿನ ರಾಶಿಯ ಮೇಲೆ ಮಲಗಿಸಿದರು. ಸೊಪ್ಪು ಸಾಗಿಸುವ ಟ್ರ್ಯಾಕ್ಟರು ಪಕ್ಕದಲ್ಲೇ ನಿಂತಿತ್ತು.

"ಅಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ. ಇವಳನ್ನ ಟ್ರ್ಯಾಕ್ಟರಲ್ಲಿ ಆಸ್ಪತ್ರೆಗೆ ಕಳಿಸು."

"ಮೊದಲು ನೀರು ತೆಗೀರಿ, ಆಮೇಲೆ ಟ್ರ್ಯಾಕ್ಟರು. ಬಸುರಿ ಅನ್ನೋದನ್ನ ಮುಚ್ಚಿಟ್ಟೋಳು ನೀನೇ ಅಲ್ವೇನೇ? ನಿನ್ನ ಮೊಮ್ಮಗನ್ನ ನೀನೇ ಮೊಗಿ, ಹೋಗು."

ದೊಡ್ಡಮ್ಮ ಬಕೆಟ್ ತೆಗೆದುಕೊಂಡು ಇಳಿದಳು. ಮೊಗೆದಳು. ತುಂಬಿದ ಬಕೆಟ್ಟನ್ನು ಒಂದಿಷ್ಟು ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ, ಎಳೆಗೂಸಿಗೆ ನೀರೆರೆಯುವ ಹಾಗೆ, ಅದನ್ನು ಮತ್ತೆ ಅಲ್ಲಿಗೇ ಸುರಿದಳು. ಬಕೆಟ್ಟನ್ನು ತೇಲಿಬಿಟ್ಟು, ಆಚೆ ತಿಳಿನೀರಿಗೆ ಹೋಗಿ, ಬೊಗಸೆ ತುಂಬಿ ಕುಡಿದಳು. ಇನ್ನೊಂದು ಬೊಗಸೆ. ಮತ್ತೊಂದು.

"ಏಯ್! ಏನೇ ಮಾಡ್ತಿದೀಯಾ?"

"ಕುಡೀತಿದೀನಿ. ಕುಡಿಯೋ ನೀರಲ್ವೇನಪ್ಪಾ?"

ಬಾಯಿಬಡಕಿ ಬಾಗಿದಳು. ಅವಳ ಹಿಂದೆ ಸಾಲಿಗೆ ಸಾಲೇ ಬಾಗಿತು. ದನಗಳ ಹಾಗೆ ಮುಖ ಅದ್ದಿ ಕುಡಿದರು. ಗುಟುಕಿನ ಸದ್ದು ದಡದವರೆಗೂ ಕೇಳುತ್ತಿತ್ತು.

ಮೇಸ್ತ್ರಿ ಉಸಿರುಗಟ್ಟುವವರೆಗೆ ಸೀಟಿ ಊದಿದ. "ಮೇಲೆ ಬನ್ರೇ! ಎಲ್ಲಾ ಮೇಲೆ ಬನ್ರೇ, ಮುಂಡೇರಾ!"

ದೊಡ್ಡಮ್ಮ ಬಾಯಿ ಒರೆಸಿಕೊಂಡು, ಕುತ್ತಿಗೆ ಮುಳುಗುವ ಹಾಗೆ ನೀರಿನಲ್ಲಿ ಕೂತಳು.

"ಅವಳನ್ನ ಟ್ರ್ಯಾಕ್ಟರ್ ಹತ್ತಿಸಪ್ಪ. ಬೇಗ ಹತ್ತಿಸು. ಎಲ್ಲರೂ ಹೊಟ್ಟೆ ತುಂಬಾ ಕುಡಿದಿದೀವಿ. ಜಾಸ್ತಿ ಹೊತ್ತು ತಡೆಯೋಕಾಗಲ್ಲ."

ಒಬ್ಬೊಬ್ಬರಾಗಿ ಹೆಂಗಸರೆಲ್ಲ ಕೂತರು. ನೀರಿನ ಮೇಲೆ ತಲೆಗಳಷ್ಟೇ ಉಳಿದವು. ಸೀಟಿ ಮೇಸ್ತ್ರಿಯ ತುಟಿಯಿಂದ ಜಾರಿ ಎದೆಯ ಮೇಲೆ ನೇತಾಡಿತು. ಸೊಪ್ಪಿನ ರಾಶಿಯ ಮೇಲೆ ಸೊಸೆಯ ಕೈ ಅಲುಗಿತೋ, ಗಾಳಿಗೆ ಎಲೆ ಅಲುಗಿತೋ, ದೊಡ್ಡಮ್ಮನಿಗೆ ಅಲ್ಲಿಂದ ತಿಳಿಯಲಿಲ್ಲ. ಆಚೆ ಪಂಪು ಪಟ್ಟಣಕ್ಕೆ ನೀರೆಳೆಯುತ್ತಲೇ ಇತ್ತು.